ಸುಶೀಲ ಮೇಡಂ ಮನೆಗೆ ಬಂದವರು

ಒಳಕೋಣೆಗಳಿಗೆ ಹೋಗುವ ದಾರಿಗೆ ಅಡ್ಡಲಾಗಿ ನಿರ್ಮಲ ಕೈ ಚಾಚಿ ನಿಂತಳು.

“ಕೆಳಗೆ ವಾಚ್‌ಮನ್‌ದು ಬಚ್ಚಲು ಉಂಟಲ್ಲ, ಅಲ್ಲಿಗೆ ಕಳ್ಸು.”

“ಅದಕ್ಕೆ ಬೀಗ ಅತ್ತೆ. ವಾಚ್‌ಮನ್ ಹೂ ತರ್ಲಿಕ್ಕೆ ಚಾಲೈ ಮಾರ್ಕೆಟಿಗೆ ಹೋಗಿದ್ದಾನೆ. ಕೀ ಅವನ ಹತ್ರವೇ,” ಎಂದಳು ಚೈತನ್ಯಾ.

ಹಜಾರದ ನಡುವೆ ಅವಳ ತಾಯಿ ಸುಶೀಲ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಹಿಂದಿನ ಸಂಜೆ ಉಳ್ಳೂರಿನ ಆಸ್ಪತ್ರೆಯಿಂದ ತಂದದ್ದು. ಬಾಗಿಲಲ್ಲಿ ಐದಾರು ಹೆಂಗಸರಿದ್ದರು. ಬೆಳಕು ಹರಿಯುವ ಮೊದಲೇ ಗುಡ್ಡದ ಕಾಲನಿಯಿಂದ ಜೀಪಿನಲ್ಲಿ ಹೊರಟವರು. ಅವರಲ್ಲಿ ಹಿರಿಯಳಾದ ವಸಂತಿ ಗೋಡೆ ಹಿಡಿದುಕೊಂಡಿದ್ದಳು. ಅವಳು ಚೈತನ್ಯಾಳ ಕಿವಿಯಲ್ಲಿ ಮಲಯಾಳದಲ್ಲಿ ಕೇಳಿದ್ದು ಒಂದೇ ಮಾತು: ಶೌಚಾಲಯ ಎಲ್ಲಿ?

“ಹೆಣ ಇಟ್ಟ ಮನೆ ಇದು. ಎಂತ ಜನ ಅಂತ ಗೊತ್ತಿಲ್ಲದೆ ಒಳಗೆ ಬಿಡುದಾ?” ಎಂದಳು ನಿರ್ಮಲ.

“ಅಮ್ಮನ ಕಾಣ್ಲಿಕ್ಕೆ ಬಂದದ್ದು ಅವ್ರು.”

“ಕಾಣ್ಲಿ, ಹೋಗ್ಲಿ. ಒಳಗೆ ಎಂತಕ್ಕೆ?”

ಸುಶೀಲಳ ಗಂಡ ಹರಿನಾರಾಯಣ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಕೊಚ್ಚಿಯ ಹೈಕೋರ್ಟಿನಲ್ಲಿ ವಾದಿಸುವ ವಕೀಲನಾದರೂ ಅಕ್ಕ ನಿರ್ಮಲಳಿಗೆ ಅವನು ಎಂದೂ ಎದುರಾಡಿದವನಲ್ಲ. ವಸಂತಿಯ ಮುಖ ಅವನಿಗೆ ಪರಿಚಿತ. ಹೆಂಡತಿಯ ಜೀಪಿಗೆ ಅಡ್ಡ ನಿಂತು ಕೂಗುತ್ತಿದ್ದ ಅದೇ ಮುಖವನ್ನು ಅವನು ಹಿಂದೊಮ್ಮೆ ಪತ್ರಿಕೆಯಲ್ಲಿ ಕಂಡಿದ್ದ.

*

ವರ್ಷಗಳ ಹಿಂದೆ, ಗುಡ್ಡದ ಕಾಲನಿಯಿದ್ದ ಪಂಚಾಯತನ್ನು ಬಯಲುಶೌಚಮುಕ್ತವೆಂದು ಘೋಷಿಸಲು ಚಪ್ಪರ ಎದ್ದಾಗಿತ್ತು. ಸರಕಾರದ ನೆರವಿನಲ್ಲಿ ಕಾಲನಿಯ ಮನೆಮನೆಗೂ ಕಟ್ಟಿಸಿದ ಶೌಚಾಲಯಗಳನ್ನು ನೋಡಿ ಸಹಿ ಹಾಕುವುದಷ್ಟೇ ತಪಾಸಣೆಯ ಅಧಿಕಾರಿಯಾಗಿದ್ದ ಸುಶೀಲಳ ಕೆಲಸ. ಅವಳು ಒಂದು ಕೊಡ ನೀರು ತರಿಸಿ ಮೊದಲ ಮನೆಯ ಶೌಚಾಲಯಕ್ಕೆ ಸುರಿದಳು. ಹಿಂಬದಿಯ ಗೋಡೆಯ ಬುಡದಲ್ಲಿ ನೀರು ಅಂಗಳಕ್ಕೆ ಹರಿದು ಬಂತು. ಗುಂಡಿಯನ್ನೇ ತೋಡಿರಲಿಲ್ಲ. ಪಕ್ಕದ ಮನೆಯದೂ ಹಾಗೆಯೇ, ಅದರಾಚೆಯದೂ ಹಾಗೆಯೇ.

ಸಹಿ ಹಾಕುವುದಿಲ್ಲ ಎಂದಳು. ಅಷ್ಟರಲ್ಲಿ ಯಾರೋ ಸುದ್ದಿ ಹಬ್ಬಿಸಿದರು: ಈ ಮೇಡಂನಿಂದಾಗಿ ಕಾಲನಿಗೆ ಬರಬೇಕಾದ ಹೊಸ ಮನೆಗಳೂ ಬರುವುದಿಲ್ಲ. ಹೆಂಗಸರು ಜೀಪನ್ನು ಸುತ್ತುವರಿದರು. ಎಲ್ಲರಿಗಿಂತ ಮುಂದೆ ವಸಂತಿ.

“ನೀವು ಪೇಟೆಗೆ ಹೋಗ್ತೀರಿ ಮೇಡಂ! ನಮ್ಮ ಮನೆಗೆ ಕಲ್ಲು ಹಾಕಿ ಹೋಗ್ತೀರಿ!”

ಸುಶೀಲ ಜೀಪಿನಿಂದ ಇಳಿದು, ವಸಂತಿಯನ್ನು ಅಕ್ಕನೆಂದೇ ಕರೆದಳು. “ಬೆಳಿಗ್ಗೆಯಿಂದ ಇಲ್ಲೇ ಇದ್ದೇನೆ ಚೇಚಿ. ಇನ್ನು ತಡೀಲಿಕ್ಕೆ ಆಗುದಿಲ್ಲ. ಯಾರ ಮನೆಯದಕ್ಕೆ ಹೋಗ್ಲಿ, ಹೇಳಿ.”

ಕೂಗು ನಿಂತಿತು. ಕೊನೆಗೆ ವಸಂತಿಯೇ ಅವಳ ಕೈ ಹಿಡಿದು ರಬ್ಬರ್ ಮರಗಳ ಹಿಂದಕ್ಕೆ ಕರೆದೊಯ್ದು, ಹೆಗಲ ಮೇಲಿನ ತೋರ್ತು ಟವೆಲು ಬಿಡಿಸಿ ಮರೆ ಹಿಡಿದು, ಆಚೆ ಮುಖ ಮಾಡಿ ನಿಂತಳು.

ಮಳೆಗಾಲ ಕಳೆದ ಮೇಲೆ ಗುಂಡಿಗಳನ್ನು ತೋಡಿಸಿದರು. ಮೇಲಿನವರು ಸುಶೀಲಳನ್ನು ವರ್ಗ ಮಾಡಿ ಪಟ್ಟಂನ ಕಚೇರಿಯೊಂದರ ಮೂಲೆಗೆ ಹಾಕಿದರು. ಬಡ್ತಿ ಮತ್ತೆ ಬರಲಿಲ್ಲ. “ಒಂದು ಸಹಿಗೆ ಎಂತ ಹಟ ನಿಂಗೆ?” ಎಂದು ಹರಿನಾರಾಯಣ ಬಹಳ ವರ್ಷ ಕೇಳಿದ. ಅವಳು ಪ್ರತಿ ಸಲವೂ ವಸಂತಿ ಮರೆ ಹಿಡಿದ ಸಂಗತಿಯನ್ನೇ ಹೇಳುತ್ತಿದ್ದಳು. ಅವನು ಪೂರ್ತಿ ಕೇಳುವ ಮೊದಲೇ ಎದ್ದು ಹೋಗುತ್ತಿದ್ದ.

*

ಆಂಬುಲೆನ್ಸಿನವರು ಸ್ಟ್ರೆಚರ್ ಹೊತ್ತು ಮೇಲೆ ಬಂದರು. “ಎತ್ತುವನಾ?” ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಭಟ್ಟರು.

“ನೋಡು, ಬಂದೇ ಬಿಟ್ರು,” ಎಂದಳು ನಿರ್ಮಲ. “ಇನ್ನು ಇವರಿಗೆಲ್ಲ ಪುರುಸೊತ್ತು ಎಲ್ಲುಂಟು?”

ಭಾಷೆ ತಿಳಿಯದಿದ್ದರೂ ವಸಂತಿಗೆ ಅರ್ಥವಾಯಿತು. “ಸಾರಮಿಲ್ಲ ಮೋಳೇ,” ಪರವಾಗಿಲ್ಲ ಮಗಳೇ ಎಂದು ಚೈತನ್ಯಾಳ ಕೈ ತಟ್ಟಿ, ಹೊಟ್ಟೆಯ ಕೆಳಗೆ ಸೀರೆ ಒತ್ತಿ ಹಿಡಿದು, ಮೆಟ್ಟಿಲ ಕಡೆ ತಿರುಗಿದಳು.

“ಅಕ್ಕಾ, ದಾರಿ ಬಿಡು.”

ಹರಿನಾರಾಯಣ ಎದ್ದು ನಿಂತಿದ್ದ.

“ಹರೀ, ಭಟ್ರ ಎದುರು...”

“ದಾರಿ ಬಿಡು ಅಂದೆ!”

ನಿರ್ಮಲಳ ಕೈ ಮೆಲ್ಲನೆ ಕೆಳಗಿಳಿಯಿತು. ಅವನು ಬಾಗಿಲಿಗೆ ಹೋಗಿ, “ವರೂ ಚೇಚಿ,” ಎಂದು ವಸಂತಿಯನ್ನು ಕರೆದು, ಸುಶೀಲಳ ಪಕ್ಕದಿಂದಲೇ ನಡೆಸಿಕೊಂಡು ತಮ್ಮ ಮಲಗುವ ಕೋಣೆಗೆ ಬಂದ. ಬಚ್ಚಲಿನ ದೀಪ ಹಾಕಿದ. ಬಾಗಿಲ ಹಿಂದೆ ಸುಶೀಲಳ ಟವೆಲು ಇನ್ನೂ ನೇತಾಡುತ್ತಿತ್ತು. ಅದನ್ನೇ ತೆಗೆದು ವಸಂತಿಯ ಕೈಗೆ ಕೊಟ್ಟು, ಹೊರಗೆ ಬಂದು ಬಾಗಿಲೆಳೆದುಕೊಂಡ.

ಉಳಿದ ಹೆಂಗಸರು ಒಬ್ಬರ ಹಿಂದೊಬ್ಬರು ಬಂದು ಹಾಸಿಗೆಯ ಪಕ್ಕದಲ್ಲಿ ಸಾಲು ನಿಂತರು. ಹಜಾರದಲ್ಲಿ ಭಟ್ಟರು ಗಡಿಯಾರ ನೋಡಿ ಸುಮ್ಮನೆ ಕೂತರು. ಆಂಬುಲೆನ್ಸಿನವರು ಸ್ಟ್ರೆಚರನ್ನು ಗೋಡೆಗೆ ಒರಗಿಸಿ, ಒಳಗೆ ಮತ್ತೆ ಮತ್ತೆ ಕೇಳುವ ನೀರಿನ ಸದ್ದಿಗೆ ಕಿವಿಗೊಟ್ಟು, ಕೊನೆಯವಳು ಬರುವುದನ್ನು ಕಾಯುತ್ತ ನಿಂತರು.