ಹಸಿ ಕರಡಿಗೆ

ಅರುಣಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಳೇಬೀಡಿನ ಬಸ್ಸೋ, ಕೈ ಎತ್ತಿದವರಿಗೆಲ್ಲ ನಿಲ್ಲುತ್ತಿತ್ತು.

ಅರಸೀಕೆರೆಯ ಮನೆಯ ಮಹಡಿಯಲ್ಲಿ ಅವಳು ರೆಸಿನ್ ಎಂಬ ದ್ರವ ಪ್ಲಾಸ್ಟಿಕ್ಕನ್ನು ಬೇಕಾದ ಆಕಾರಕ್ಕೆ ತರುವ ಪ್ರಿಂಟರಿನಿಂದ ಜುಮುಕಿ, ಪದಕ ಮಾಡಿ ಮಾರುತ್ತಿದ್ದಳು. ಎದೆಯ ಮೇಲೆ ಇಷ್ಟಲಿಂಗವನ್ನಿಟ್ಟು ಧರಿಸುವ ಬೆಳ್ಳಿ ಕರಡಿಗೆಯ ಭಾರಕ್ಕೆ ಕತ್ತು ನೋಯುತ್ತದೆ ಎಂದು ಅಜ್ಜಿ ಗುರುಸಿದ್ದಮ್ಮ ಗೊಣಗಿದ್ದಕ್ಕೆ, ಹಗುರವಾದದ್ದೊಂದನ್ನು ಮಾಡಹೊರಟಳು. ಬೆಳಗ್ಗೆ ಅದು ಪ್ರಿಂಟರಿನಿಂದ ಇಳಿಯಿತು. ಸ್ಪಿರಿಟ್ಟಿನಲ್ಲಿ ತೊಳೆದಾಗಿತ್ತು, ನೇರಳೆ ದೀಪದಡಿ ಕಾಯಿಸಿ ಗಟ್ಟಿ ಮಾಡುವುದು ಬಾಕಿ. ಅಲ್ಲಿಯವರೆಗೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. "ಮುಟ್ಬೇಡ ಅಜ್ಜಿ, ಇನ್ನೂ ಹಸಿ ಐತೆ" ಎಂದು ಹೇಳಿ, ಜುಮುಕಿ ಕೊಡಲು ಹಾರನಹಳ್ಳಿಗೆ ಹೋದಳು.

ಬಂದು ನೋಡಿದರೆ ಹೊಸದು ಇಲ್ಲ, ಮೇಜಿನ ಮೇಲಿದ್ದುದು ಖಾಲಿ ಬೆಳ್ಳಿ ಕರಡಿಗೆ. ಅಜ್ಜಿ ಮಾದಿಹಳ್ಳಿಯ ಮಗಳ ಮನೆಗೆ ಹೊರಟಾಗಿತ್ತು. ಫೋನು ಮಾಡಿದಳು.

"ಹಸಿ ಇತ್ತು ಕಣೇ. ಸೆರಗಲ್ಲಿ ಚೆನ್ನಾಗಿ ಒರೆಸ್ಕೊಂಡೆ."

"ಈಗ್ಲೇ ತೆಗಿ ಅಜ್ಜಿ!"

"ಬಸ್ಸಲ್ಲೇನೇ? ಲಿಂಗ ಮೈ ಬಿಟ್ಟು ಇರೋದುಂಟಾ?" ಫೋನು ಕಟ್ಟಾಯಿತು.

ಬೇಯೋತನಕ ತಡೆದೋರು ಆರೋತನಕ ತಡೀಬೇಕು ಎಂದು ಮನೆಮಂದಿಗೆಲ್ಲ ಗಾದೆ ಹೇಳುವ ಅಜ್ಜಿ, ತಾನು ಬೇಯುವತನಕವೂ ತಡೆದಿರಲಿಲ್ಲ! ಅಜ್ಜಿಯ ಬೆನ್ನಿಗೇ ಹತ್ತಿದ್ದ ಬಸ್ಸು ಜಾವಗಲ್ ದಾಟುವಷ್ಟರಲ್ಲಿ ಅರುಣಾಳ ಸಿಟ್ಟು ತನ್ನ ಮೇಲೆಯೇ ತಿರುಗಿತ್ತು. ಕಾಯಿಸದ ಹಸಿ ರೆಸಿನ್ ಚರ್ಮಕ್ಕೆ ವಿಷ ಎನ್ನಬೇಕಿತ್ತು. ವಿಷ ಎಂದರೆ ತನ್ನ ಕೆಲಸದ ಮರ್ಯಾದೆ ಹೋದೀತೆಂದು ನಾಜೂಕಾಗಿ ಹಸಿ ಎಂದಿದ್ದಳು. ಚೀಲದಲ್ಲಿದ್ದ ಬೆಳ್ಳಿ ಕರಡಿಗೆಯನ್ನು ಹತ್ತು ಸಲ ಮುಟ್ಟಿ ನೋಡಿಕೊಂಡಳು.

ಮಾದಿಹಳ್ಳಿಯಲ್ಲಿ ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ಸೆರಗು ಸರಿಸಿದರೆ ಅಂಗೈಯಗಲ ಕೆಂಪಗೆ ಊದಿತ್ತು, ಮೇಲೆ ವಿಭೂತಿ ಬೇರೆ ಮೆತ್ತಿದ್ದಳು. ಅಜ್ಜಿ ಹೊಸ ಕರಡಿಗೆ ಕಳಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಅರುಣಾ ಊದಿದ ಜಾಗವನ್ನು ಸೋಪು ನೀರಿನಲ್ಲಿ ತೊಳೆದಳು.

"ಇಷ್ಟು ಉರೀತಿದ್ರೂ ಸುಮ್ನಿದ್ಯಲ್ಲ! ಲಿಂಗ ಬಟ್ಟೇಲಿ ಕಟ್ಕೊಂಡು ಇದನ್ನ ಎಸೀಬಾರ್ದಿತ್ತಾ?"

"ಮೊಮ್ಮಗಳು ಮಾಡಿದ್ದು ಅಂತ ಬಸ್ಸಲ್ಲೆಲ್ಲಾ ತೋರ್ಸಿದ್ದೆ ಕಣೇ. ಅಷ್ಟು ಜನದ ಮುಂದೆ ತೆಗುದ್ರೆ ನಿನ್ ಮರ್ಯಾದೆ ಏನಾಗ್ಬೇಕು?"

ಅರುಣಾಳಿಗೆ ಅಳು ಬಂತು. ತಡೆಯಲಿಲ್ಲ, ಅತ್ತುಬಿಟ್ಟಳು.

"ನಾಳೆ ಡಾಕ್ಟ್ರಿಗೆ ತೋರ್ಸಣ. ಆಮೇಲೆ ಪೂರ್ತಿ ಬೇಯ್ಸಿ, ಮೇಲೆ ಲೇಪ ಹಾಕಿ, ಇನ್ನೊಂದು ಮಾಡ್ಕೊಡ್ತೀನಿ."

ಅಜ್ಜಿ ಲಿಂಗವನ್ನು ಬೆಳ್ಳಿ ಕರಡಿಗೆಗೆ ಇಳಿಸಿ ಮುಚ್ಚಿದಳು. "ಮಾಡು. ಆದ್ರೆ ಮೊದ್ಲು ಒಂದ್ ತಿಂಗ್ಳು ನೀನೇ ಹಾಕ್ಕೊಂಡು ತೋರ್ಸು."

ಅರುಣಾಳ ಕೈ ತನ್ನ ಬರಿಗೊರಳಿಗೆ ಹೋಯಿತು. ಅವಳ ಲಿಂಗ ಕಾಲೇಜು ಸೇರಿದ ವರ್ಷದಿಂದ ದೇವರ ಗೂಡಿನಲ್ಲೇ ಇತ್ತು. ಅಜ್ಜಿ ಅದನ್ನು ಮರೆತು ಹೇಳಿದ ಮಾತಲ್ಲ.