ದೀಪ ಹಚ್ಚುವ ಹೊತ್ತಿನ ಹಾಜರಿ

ಹುಚ್ಚವ್ವ ಎಲೆಯ ಮುಂದೆ ಕುಳಿತಿದ್ದಳು, ಉಣ್ಣುತ್ತಿರಲಿಲ್ಲ. ನೀಡಿದವರು ನೀಡಿ ಒಳಗೆ ಹೋಗಿ ಬಹಳ ಹೊತ್ತಾಗಿತ್ತು. ಹುಗ್ಗಿಯ ಮೇಲಿನ ತುಪ್ಪ ಬಿಳಿಚಿಕೊಂಡು ಗಟ್ಟಿಯಾಗಿತ್ತು. ಅನ್ನಕ್ಕೆ ಸುರಿದ ಸಾರು ಪತ್ರಾವಳಿಯ ಹೊಲಿಗೆಯಿಂದ ಇಳಿದು ಸಾರಿಸಿದ ಅಂಗಳವನ್ನು ತೋಯಿಸಿತ್ತು. ಅವಳು ಬಲಗೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಪಡಸಾಲೆಯ ಕಡೆ ನೋಡುತ್ತಿದ್ದಳು.

ಅಂದು ಮುಂಡರಗಿಯಲ್ಲಿ ನಿವೃತ್ತ ಫೌಜದಾರ ಚನ್ನಬಸವಣ್ಣ ತೀರಿದ ಹನ್ನೊಂದನೆಯ ದಿನ. ಜಂಗಮರ ಪಂಕ್ತಿ ಎದ್ದಿತ್ತು, ಬೀಗರ ಪಂಕ್ತಿ ಎದ್ದಿತ್ತು, ಓಣಿಯವರೂ ಉಂಡು ಎಲೆ ಅಡಿಕೆ ಹಾಕಿಕೊಂಡಿದ್ದರು. ಇಂಥ ದಿನ ಬಾಗಿಲಿಗೆ ಬಂದ ಕೊನೆಯವರು ಉಂಡು ಕೈತೊಳೆಯುವ ತನಕ ಮನೆಯವರು ಅನ್ನ ಮುಟ್ಟುವಂತಿಲ್ಲ. ಕೊನೆಯವಳು ಹುಚ್ಚವ್ವ. ಕರೆಯದೆ ಬಂದವಳು, ಆದರೆ ಬಂದವಳಿಗೆ ಇಲ್ಲವೆನ್ನಲು ಬರುವುದಿಲ್ಲವೆಂದು ಅಂಗಳದಲ್ಲಿ ಎಲೆ ಹಾಕಿಸಿದ್ದರು.

ಪಡಸಾಲೆಯಲ್ಲಿ ಶೇಖಸಾಬ ಮಾತಾಡುತ್ತಿದ್ದ. ಸತ್ತವನ ಕೈಕೆಳಗೆ ಇಪ್ಪತ್ತು ವರ್ಷ ಶಿಪಾಯಿಯಾಗಿದ್ದವನು.

"ಸಾಹೇಬ್ರು ಎರಡ ವರ್ಷ ಮುಂಬೈ ಸರಕಾರದ ಪಿಂಚಣಿ ತಿಂದ್ರು. ಈಗ ನಾಡು ಒಂದಾತು, ನಾವೆಲ್ಲ ಮೈಸೂರಿಗೆ ಸೇರಿದ್ವಿ. ಮೈಸೂರಿನವ್ರು ಬಂದು ಹೆಸರ ಬರಕೊಳ್ಳೋದರಾಗ ನಮ್ಮ ಸಾಹೇಬ್ರು ತಪ್ಪಿಸ್ಕೊಂಡ ಬಿಟ್ರು ನೋಡ್ರಿ! ಅವರ ಕೈಯಾಗ ಒಬ್ಬ ಕೈದಿನೂ ಹಿಂಗ ತಪ್ಪಿಸ್ಕೊಂಡಿರಲಿಲ್ಲ."

ಕುಳಿತವರು ನಕ್ಕರು. ಸತ್ತವನ ತಮ್ಮ ಕಳಕಪ್ಪ ನಗುತ್ತಲೇ ಕಣ್ಣೊರೆಸಿಕೊಂಡ. "ಹೊರಗ ಹುಲಿ, ಮನ್ಯಾಗ ಆಕಳ ನಮ್ಮಣ್ಣ. ಮಕ್ಕಳು ಮೊಮ್ಮಕ್ಕಳಂದ್ರ ಜೀವಾ. ಮನ್ಯಾಗಿನ ಕಾರ್ಯ ಒಂದರ ತಪ್ಪಿಸ್ಯಾನೇನು?"

"ಖರೆ ಐತಿ," ಎಂದಳು ಹುಚ್ಚವ್ವ ಅಂಗಳದಿಂದ. "ಮೊಮ್ಮಗಳ ತೊಟ್ಟಿಲಕ್ಕ ಚಾವಡಿ ಕೀಲಿ ಹಾಕಿ ಬಂದಿದ್ರು. ನನಗೂ ಗೊತ್ತೈತಿ."

ಪಡಸಾಲೆಯಲ್ಲಿದ್ದವರು ಅಂಗಳದ ಕಡೆ ತಿರುಗಿದರು.

ಸತ್ತವನ ಹೆಂಡತಿ ಸಿದ್ದಲಿಂಗವ್ವ ಒಳಗಿನಿಂದ ಬಂದಳು. ಬೋಳುಗೈ, ಬಿಳಿಯ ಸೀರೆ. ಹನ್ನೊಂದು ದಿನದಲ್ಲಿ ಅವಳ ಮುಖ ಒಣಗಿತ್ತು, ದನಿ ಒಣಗಿರಲಿಲ್ಲ.

"ಯಾಕ ಉಣವಲ್ಲಿ?"

"ಉಣತೀನ್ರಿ ಅವ್ವಾರ. ಮೊದಲ ಒಂದ ಮಾತು ಬೇಕು. ನನ್ನ ಗಂಡ ಅವತ್ತ ಹಾಜರಿಗೆ ಬಂದಿದ್ದ ಅನ್ರಿ. ಅಲ್ಲಿ ಗ್ವಾಡಿ ಹತ್ರ ನಮ್ಮ ಹಿರೇರು ನಿಂತಾರ, ಅವರಿಗೆ ಕೇಳೂ ಹಂಗ ಅನ್ರಿ. ಇಷ್ಟು ಅಂದ್ರ ಉಂಡು ಎದ್ದ ಹೋಗತೀನಿ."

ಅಂಗಳದ ಗೋಡೆಯ ಆಚೆ ಫಕ್ಕೀರಪ್ಪ ನಿಂತಿದ್ದ. ಅವಳ ಕುಲದ ಪಂಚರಲ್ಲಿ ಹಿರಿಯ. ಗೋಡೆಯ ಮೇಲೆ ಅವನ ತಲೆಯ ಪಟಗ ಮತ್ತು ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

ಒಂಬತ್ತು ವರ್ಷದ ಹಿಂದೆ, ಸ್ವಾತಂತ್ರ್ಯ ಬರಲು ಒಂದು ತಿಂಗಳು ಇರುವಾಗ, ಚನ್ನಬಸವಣ್ಣ ಡಂಬಳದ ಪೊಲೀಸ್ ಚಾವಡಿಯಲ್ಲಿ ಇನ್ನೂ ಜಮಾದಾರನಾಗಿದ್ದ. ಹುಚ್ಚವ್ವನ ಗಂಡ ಯಮನೂರಪ್ಪ ದಿನಾ ಎರಡು ಹೊತ್ತು ಅಲ್ಲಿ ಹಾಜರಿ ಕೊಡಬೇಕಿತ್ತು. ಅವನೇನೂ ಮಾಡಿರಲಿಲ್ಲ, ಅವನ ಕುಲದಲ್ಲಿ ಹುಟ್ಟಿದವರನ್ನೆಲ್ಲ ಸರಕಾರ ಕಳ್ಳರೆಂದು ಬರೆದುಕೊಂಡಿದ್ದ ಕಾಲ ಅದು. ಬೆಳಿಗ್ಗೆ ಒಂದು ಹೆಬ್ಬಟ್ಟು, ದೀಪ ಹಚ್ಚುವ ಹೊತ್ತಿಗೆ ಇನ್ನೊಂದು. ಆ ಕಾನೂನು ಹೋಗಿ ಈಗ ಏಳು ವರ್ಷ. ಯಮನೂರಪ್ಪ ಅದಕ್ಕಿಂತ ಮೊದಲೇ ಹೋಗಿದ್ದ.

ಜಮಾದಾರನ ಮೊದಲ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ಸಂಜೆ ಊರಿನ ಅರಳೆ ವ್ಯಾಪಾರಿಯ ಮನೆ ಕಳುವಾಯಿತು. ಆ ಮನೆಯವರೆಲ್ಲ ತೊಟ್ಟಿಲಿಗೇ ಬಂದಿದ್ದರು. ಮರುದಿನ ಮೇಲಿನ ಸಾಹೇಬರು ಹಾಜರಿ ಪುಸ್ತಕ ತೆಗೆಸಿದಾಗ ಯಮನೂರಪ್ಪನ ಸಂಜೆಯ ಹೆಬ್ಬಟ್ಟಿನ ಜಾಗ ಖಾಲಿ ಇತ್ತು. ಚಾವಡಿಗೆ ಕೀಲಿ ಹಾಕಿ ಮನೆಗೆ ಹೋಗಿದ್ದೆನೆಂದರೆ ಜಮಾದಾರ ಸೊಂಟದ ಪಟ್ಟಿ ಬಿಚ್ಚಿಡಬೇಕಿತ್ತು. ಅವನು ಖಾಲಿ ಜಾಗದಲ್ಲಿ ಗೈರಹಾಜರ ಎಂದು ಬರೆದ. ಹಾಜರಿ ತಪ್ಪಿಸಿದವನೇ ಕಳ್ಳನೆಂದಾಯಿತು. "ಹಾಜರಿ ಕೊಡಾಕ ಸಾಹೇಬ್ರ ಮನಿಗೇ ಹೋಗಿದ್ದೆ, ಗುಗ್ಗರಿ ಕೊಟ್ಟು ಕಳಿಸಿದ್ರು" ಎಂದು ಯಮನೂರಪ್ಪ ಕೋರ್ಟಿನಲ್ಲಿ ಹೇಳಿದಾಗ ಕೂತವರು ನಕ್ಕರಂತೆ. ಒಂದೂವರೆ ವರ್ಷದ ಸಜೆ. ಹತ್ತನೆಯ ತಿಂಗಳಲ್ಲಿ ಜ್ವರ ಬಂದು ಜೇಲಿನಲ್ಲೇ ಸತ್ತ.

ಅಷ್ಟಕ್ಕೆ ಮುಗಿಯಲಿಲ್ಲ. ಮಂದಿಯ ವಸ್ತು ಮುಟ್ಟುವುದಿಲ್ಲವೆಂದು ಯಮನೂರಪ್ಪ ಪಂಚರ ಮುಂದೆ ದೇವಿಯ ಆಣೆ ಮಾಡಿದ್ದವನು. ಆಣೆ ಮುರಿದವನ ಮನೆಯೆಂದು ಪಂಚರು ಹುಚ್ಚವ್ವನನ್ನು ಕುಲದಿಂದ ಹೊರಗೆ ಹಾಕಿದರು. ಒಂಬತ್ತು ವರ್ಷ ಯಾರೂ ಅವಳಿಗೆ ಬೆಂಕಿ ಕೊಡಲಿಲ್ಲ, ನೀರು ಕೊಡಲಿಲ್ಲ. ಮಗ ಹುಲಗಪ್ಪನಿಗೆ ಇಪ್ಪತ್ನಾಲ್ಕಾಯಿತು. ಸಿಂಗಟಾಲೂರಿನಿಂದ ಗದಗಿನ ತನಕ ಹೆಣ್ಣು ಕೊಡುವವರಿರಲಿಲ್ಲ. "ಆಂವ ಹಾಜರಿಗೆ ಬಂದಿದ್ದ ಅಂತ ಫೌಜದಾರರ ಮನಿಯವರ ಬಾಯಿಂದ ಬರಲಿ. ನಾ ಕಿವೀಲೆ ಕೇಳಬೇಕು" ಎಂದಿದ್ದ ಫಕ್ಕೀರಪ್ಪ. ಹುಚ್ಚವ್ವ ನಾಲ್ಕು ಸಲ ಫೌಜದಾರನ ಬಾಗಿಲಿಗೆ ಬಂದಿದ್ದಳು. ನಾಲ್ಕನೆಯ ಸಲ ಅವನು ನಾಯಿ ಬಿಟ್ಟಿದ್ದ.

"ಸತ್ತವರ ಮ್ಯಾಲೆ ಮಣ್ಣ ಹಾಕೋದು ಮುಗದೈತಿ," ಎಂದಳು ಸಿದ್ದಲಿಂಗವ್ವ. "ನೀ ಈಗ ಹೇಸಿಗಿ ಹಾಕಾಕ ಬಂದಿಯೇನ?"

"ನಿಮ್ಮವರಿಗೆ ಮಣ್ಣರ ಸಿಕ್ಕೈತ್ರಿ. ನನ್ನ ಗಂಡಂದು ಹೆಣಾನೂ ಕೊಡಲಿಲ್ಲ."

ಕಳಕಪ್ಪ ಧೋತರ ಮೇಲೆ ಕಟ್ಟಿ ಮೆಟ್ಟಿಲಿಳಿದ. "ಏ, ಎದ್ದೇಳ. ಇಲ್ಲಾ ಎಳದು ಹೊರಗ ಹಾಕತೀನಿ."

"ಎಳೀರಿ. ಎಲಿ ಮುಂದ ಕುಂತಾಕೀನ ಎಳದ ಹಾಕಿದ್ರು, ಫೌಜದಾರರ ದಿನಾ ಭಾಳ ಚೊಲೊ ಆತು ಅಂತ ನಾಳೆ ಸಂತ್ಯಾಗ ನಾನ ಹೇಳತೀನಿ."

"ಕಳಕಪ್ಪ, ಮುಟ್ಟಬ್ಯಾಡ," ಎಂದಳು ಸಿದ್ದಲಿಂಗವ್ವ. ಅವನು ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕುತ್ತಿಗೆ ಕೆರೆದುಕೊಂಡ.

ಹುಚ್ಚವ್ವ ಪಡಸಾಲೆಯತ್ತ ಕತ್ತೆತ್ತಿದಳು. "ಶೇಖಸಾಬಣ್ಣ, ನೀನರ ಹೇಳು. ಚಾವಡಿಯಿಂದ ಸಾಹೇಬ್ರನ್ನ ಕರಕೊಂಡ ಹೋಗಾಕ ಬಂದಾಂವ ನೀನ ಅಲ್ಲೇನ?"

ಶೇಖಸಾಬ ಕೈಯಲ್ಲಿದ್ದ ಅಡಿಕೆ ಹೋಳನ್ನು ತಿರುಗಿಸಿ ನೋಡಿದ. "ಮುದುಕ ಆದೆ ಬೇ. ಅಷ್ಟ ಹಿಂದಿಂದು ನೆನಪ ಉಳಿದಿಲ್ಲ."

"ಈಗರ ಇಪ್ಪತ್ತ ವರ್ಷದ ಕತಿ ಹೇಳಿ ಮಂದೀನ್ನ ನಗಸಿದಿ. ಒಂಬತ್ತ ವರ್ಷದ್ದು ಒಂದು ಮರತ ಹೋತು?"

ಅವನು ಅಡಿಕೆಯನ್ನು ಬಾಯಿಗೆ ಹಾಕಿಕೊಂಡ.

ಹೊತ್ತು ವಾಲಿತು. ಶಿರಹಟ್ಟಿಯ ಬೀಗರು ಬಸ್ಸಿನ ಹೊತ್ತಾಯಿತೆಂದು ಎದ್ದವರು ಹೋಗಲೂ ಆರದೆ ಜಗುಲಿಯ ಮೇಲೆ ನಿಂತೇ ಇದ್ದರು. ಅಡಿಗೆಮನೆಯಲ್ಲಿ ಹೆಣ್ಣುಮಕ್ಕಳು ಬೋಗುಣಿಗಳ ಮೇಲೆ ಬಟ್ಟೆ ಮುಚ್ಚಿ ಕುಳಿತಿದ್ದರು. ಬೆಳಗಿನಿಂದ ಅವರ ಹೊಟ್ಟೆಗೆ ನೀರು ಬಿಟ್ಟರೆ ಬೇರೇನೂ ಹೋಗಿರಲಿಲ್ಲ. ಮಗಳು ಅನ್ನಪೂರ್ಣವ್ವ ಐದು ತಿಂಗಳ ಬಸುರಿ. ಹೊಸ್ತಿಲಿಗೆ ಬಂದು ಕಂಬ ಹಿಡಿದುಕೊಂಡಳು.

"ಅವ್ವಾ, ಅಕಿ ಹೇಳೋದು ಖರೆ ಏನ?"

"ನೀ ಒಳಗ ಹೋಗಿ ಏನರ ಬಾಯಾಗ ಹಾಕ್ಕೋ ಹೋಗು."

"ಅಕಿ ಉಣಲಾರದ ನಾ ಹೆಂಗ ಉಣ್ಣಲಿ? ಅಪ್ಪನ ದಿನಾ ಐತಿ."

ಸಿದ್ದಲಿಂಗವ್ವನಿಗೆ ಎಲ್ಲ ನೆನಪಿತ್ತು. ಚಾವಡಿಗೆ ಮೂರು ಸಲ ಹೇಳಿಕಳಿಸಿದವಳು ಅವಳೇ. ದೀಪ ಹಚ್ಚಿ ತಿರುಗುವಾಗ ಮೆಟ್ಟಿಲ ಕೆಳಗೆ ಯಮನೂರಪ್ಪ ಹೆಗಲ ಮೇಲಿನ ವಸ್ತ್ರ ಕಂಕುಳಿಗೆ ಇಳಿಸಿಕೊಂಡು ನಿಂತಿದ್ದ. "ಯವ್ವಾ, ಸಾಹೇಬ್ರಿಗೆ ಒಂದ ಮಾತ ಹೇಳ್ರಿ, ಹೆಬ್ಬಟ್ಟು ಆಗಿಲ್ಲ." ಒಳಗೆ ಗಂಡ ತೊಟ್ಟಿಲ ಹಗ್ಗ ಹಿಡಿದು ರಾಗವಿಲ್ಲದ ದನಿಯಲ್ಲಿ ಜೋಗುಳ ಹಾಡುತ್ತಿದ್ದ, ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವನು ಹಾಡಿದ್ದನ್ನು ಅವಳು ಕೇಳಿರಲಿಲ್ಲ. ಕರೆಯಲು ಮನಸ್ಸು ಬರಲಿಲ್ಲ. ಬೊಗಸೆ ಗುಗ್ಗರಿ ಯಮನೂರಪ್ಪನ ವಸ್ತ್ರಕ್ಕೆ ಸುರಿದು, "ನಾಳೆ ಬಾ, ಹೋಗು" ಎಂದಿದ್ದಳು. ಸಜೆಯಾದ ಸುದ್ದಿ ಬಂದ ದಿನ ಗಂಡನ ಮುಖ ನೋಡಿದಳು. "ನಾಕ ಮಕ್ಕಳ ಅನ್ನ ಐತಿ ಈ ಪಟ್ಟಿಯೊಳಗ," ಎಂದ. ಆಮೇಲೆ ಆ ಮಾತು ಆ ಮನೆಯಲ್ಲಿ ಬರಲಿಲ್ಲ.

ಅನ್ನಪೂರ್ಣವ್ವ ಕಂಬ ಹಿಡಿದಂತೆಯೇ ಕೆಳಗೆ ಜಾರಿ ಕುಳಿತಳು. ಒಳಗಿನಿಂದ ಯಾರೋ ನೀರು ತರಲು ಓಡಿದರು.

ಸಿದ್ದಲಿಂಗವ್ವ ಮೆಟ್ಟಿಲಿಳಿದಳು. ಹುಚ್ಚವ್ವನತ್ತ ನೋಡದೆ, ಅವಳ ಎಲೆಯನ್ನು ಸುತ್ತುಹಾಕಿ, ನೇರ ಗೋಡೆಯ ಹತ್ತಿರ ಹೋದಳು.

"ಏ ಹಿರ್ಯಾ, ಕಿವಿ ಕೇಳತಾವೇನ?"

"ಕೇಳತಾವ್ರಿ," ಎಂದ ಫಕ್ಕೀರಪ್ಪ.

"ವ್ಯಾಪಾರಿ ಮನಿ ಕಳುವಾದ ದಿನ ದೀಪ ಹಚ್ಚೋ ಹೊತ್ತಿನ್ಯಾಗ ಯಮನೂರಪ್ಪ ನಮ್ಮ ಬಾಗಲದಾಗಿದ್ದ. ಹಾಜರಿ ಕೊಡಾಕ ಬಂದಿದ್ದ. ಚಾವಡಿ ಕೀಲಿ ಹಾಕಿತ್ತು. ನಾನ ಗುಗ್ಗರಿ ನೀಡಿ ಹೋಗು ಅಂದೆ. ಕೇಳಿದಿ?"

"ವೈನಿ!" ಎಂದ ಕಳಕಪ್ಪ.

"ನೀ ಬಾಯಿ ಮುಚ್ಚು. ಮನಿ ಹೆಣ್ಮಕ್ಕಳು ಹಸದ ಕುಂತಾರ."

"ಪಡಸಾಲ್ಯಾಗಿನವ್ರಿಗೆ ಕೇಳಿಲ್ರಿ ಅವ್ವಾರ," ಎಂದಳು ಹುಚ್ಚವ್ವ ಹಿಂದಿನಿಂದ. "ಇನ್ನೊಮ್ಮೆ."

ಸಿದ್ದಲಿಂಗವ್ವ ತಿರುಗಿದಳು. ಸೆರಗಿನ ತುದಿ ಅವಳ ಮುಷ್ಟಿಯಲ್ಲಿತ್ತು. ಪಡಸಾಲೆಯ ಬಾಗಿಲಿಗೆ ಜಂಗಮರು, ಓಣಿಯವರು ಬಂದು ನಿಂತಿದ್ದರು, ಜಗುಲಿಯ ಮೇಲೆ ಬೀಗರಿದ್ದರು. ಅವಳು ಅದನ್ನೇ ಇನ್ನೊಮ್ಮೆ, ಒಂದೂ ಮಾತು ಬಿಡದೆ, ಮೊದಲಿಗಿಂತ ಗಟ್ಟಿಯಾಗಿ ಹೇಳಿದಳು. ಹೇಳಿ, "ಸಾಕೇನ? ಹೊಟ್ಟಿ ತಣ್ಣಗಾತೇನ? ಇನ್ನ ನಿನ್ನ ಮಾರಿ ಈ ಬಾಗಲಕ್ಕ ತೋರಸಬ್ಯಾಡ" ಎಂದಳು.

ಫಕ್ಕೀರಪ್ಪ ಪಟಗ ತೆಗೆದು ಕೊಡವಿ ಮತ್ತೆ ಸುತ್ತಿಕೊಂಡ. "ಸೋಮವಾರ ಪಂಚರು ಕುಂಡ್ರತೀವಿ," ಎಂದ, ಹುಚ್ಚವ್ವನಿಗೆ. "ಹುಡುಗನ್ನೂ ಕರಕೊಂಡ ಬಾ." ಅವನ ಪಟಗ ಗೋಡೆಯ ಉದ್ದಕ್ಕೂ ಸರಿದು ಹೋಯಿತು.

ಹುಚ್ಚವ್ವ ಎಲೆಯತ್ತ ಬಗ್ಗಿದಳು. ಗಟ್ಟಿಯಾದ ಹುಗ್ಗಿಯನ್ನು ಬೆರಳಿನಿಂದ ಒಡೆದು ಒಂದು ತುತ್ತು ಬಾಯಿಗಿಟ್ಟಳು. ಅವಸರವಿರಲಿಲ್ಲ. ಪಲ್ಯ ಮುಗಿಸಿದಳು, ಅನ್ನ ಕಲಸಿದಳು, ಕೈ ನಿಲ್ಲಿಸಿದಳು.

"ಸಾರು ಆರೇತಿ. ಬಿಸಿದು ನೀಡ್ರಿ."

ಅನ್ನಪೂರ್ಣವ್ವ ಕಂಬ ಹಿಡಿದು ಏಳಲು ಹೋದಳು. ಹುಚ್ಚವ್ವ ಮುಖವೆತ್ತಲಿಲ್ಲ. "ನೀ ಕುಂಡ್ರವ್ವ, ಬಸುರಿ ಇದ್ದಿ. ಅವರು ನೀಡಲಿ."

ಸಿದ್ದಲಿಂಗವ್ವ ಒಳಗೆ ಹೋಗಿ ಸಾರಿನ ಬೋಗುಣಿ ಹಿಡಿದು ಬಂದಳು. ನಿಂತು ನೀಡಲು ಸೊಂಟ ಬಗ್ಗಲಿಲ್ಲ. ಎಲೆಯ ಈಚೆ, ನೆಲಕ್ಕೆ ಕೈಯೂರಿ, ನಿಧಾನ ಕುಳಿತಳು. ಹುಚ್ಚವ್ವ ಅನ್ನದ ನಡುವೆ ಬೆರಳಿನಿಂದ ಕುಣಿ ಮಾಡಿದಳು. ಸಿದ್ದಲಿಂಗವ್ವ ಸೌಟು ಬಗ್ಗಿಸಿದಳು. ಬಿಸಿ ಸಾರಿನ ಹಬೆ ಇಬ್ಬರ ಮುಖದ ನಡುವೆ ಎದ್ದಿತು. ಕುಣಿ ತುಂಬಿದರೂ ಹುಚ್ಚವ್ವ ಸಾಕೆನ್ನಲಿಲ್ಲ.