ಮೇಲಿನಿಂದಲೂ ಹತ್ತುವ ದೀಪ

ಆ ಮನೆಯ ಮೆಟ್ಟಿಲಿಗೆ ನಡುಹಗಲಲ್ಲೂ ಕತ್ತಲೆ. ಎರಡು ಗೋಡೆಗಳ ನಡುವೆ ಇಕ್ಕಟ್ಟಾಗಿ ಏರಿ, ಅರ್ಧದಲ್ಲಿ ಒಮ್ಮೆ ತಿರುಗಿ ಮಹಡಿಗೆ ಹೋಗುವ ಮೆಟ್ಟಿಲು ಅದು. ಅಲ್ಲೊಂದು ಕಿಟಕಿ ಇಡಲು ಕಟ್ಟಿಸಿದವರಿಗೆ ನೆನಪಾಗಲಿಲ್ಲವೋ, ಮನಸ್ಸಾಗಲಿಲ್ಲವೋ. ತಿರುವಿನ ನೆತ್ತಿಯಲ್ಲಿ ಒಂದು ಬಲ್ಬು, ಅದರ ಸ್ವಿಚ್ಚು ಕೆಳಗೆ, ಹೊಲಿಗೆ ಯಂತ್ರದ ಪಕ್ಕದ ಗೋಡೆಯಲ್ಲಿ. ಕೆಳಗಿದ್ದವರು ದೀಪ ಹಾಕಿಕೊಂಡು ಹತ್ತಬಹುದು. ಮೇಲಿದ್ದವರು ಇಳಿಯಬೇಕೆಂದರೆ ಕೂಗಬೇಕು. ಇಂಥ ಮೆಟ್ಟಿಲು ನೀವೂ ನೋಡಿರುತ್ತೀರಿ; ನಿಮ್ಮ ಮನೆಯಲ್ಲೇ ಇದ್ದರೂ ಇರಬಹುದು.

ಯಂತ್ರದ ಮುಂದೆ ಕೂರುತ್ತಿದ್ದವಳು ಆ ಮನೆಯ ಸೊಸೆ. ಬೀದಿಗೆಲ್ಲ ಟೈಲರಮ್ಮ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ಕರೆಂಟಿನ ವಿಷಯದಲ್ಲಿ ಮಾತ್ರ ಮಹಾ ಬಿಗಿ. ಯಾರಾದರೂ ಮೆಟ್ಟಿಲು ಹತ್ತಿದರೆ ಸಾಕು, ಅವರ ಹಿಮ್ಮಡಿ ತಿರುವಿನಲ್ಲಿ ಮರೆಯಾದ ಸ್ವಲ್ಪ ಹೊತ್ತಿಗೇ ಇವಳ ಎಡಗೈ ತಾನಾಗಿ ಗೋಡೆಗೆ ಹೋಗಿ ದೀಪ ಆರಿಸುತ್ತಿತ್ತು. ಕಣ್ಣು ಸೂಜಿಯ ಮೇಲೆಯೇ. ಆರಿಸಿದ್ದು ಅವಳಿಗೆ ನೆನಪೂ ಇರುತ್ತಿರಲಿಲ್ಲ.

ಮಹಡಿಯ ಕೋಣೆ ಅತ್ತೆಯದು. ಮೊದಲೆಲ್ಲ ಮಧ್ಯಾಹ್ನವಾದರೆ ಅತ್ತೆ ಇಳಿದು ಬಂದು, ಯಂತ್ರದ ಎದುರಿನ ಕುರ್ಚಿಯಲ್ಲಿ ಕುಳಿತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ಜೊತೆಗೆ ಬೀದಿಯ ಸುದ್ದಿಗೂ ಅಲ್ಲಿ ಅಷ್ಟಿಷ್ಟು ಹೊಲಿಗೆ ಬೀಳುತ್ತಿತ್ತು. ಈಗ ಕೆಲವು ತಿಂಗಳಿಂದ ಅವರು ಇಳಿಯುವುದನ್ನೇ ಬಿಟ್ಟಿದ್ದರು. ಕೇಳಿದರೆ ಮಂಡಿನೋವು ಎನ್ನುತ್ತಿದ್ದರು. ಸೊಸೆ ನಂಬಲಿಲ್ಲ. ಒಮ್ಮೆ ಅತ್ತೆ ಗುಂಡಿಯೊಂದನ್ನು ಬೆರಳಗಲ ಕೆಳಗೆ ಹೊಲಿದಾಗ, ಇವಳು ಗಿರಾಕಿಯ ಎದುರಿನಲ್ಲೇ ಅದನ್ನು ಪಟ್ಟನೆ ಕತ್ತರಿಸಿ ತೆಗೆದಿದ್ದಳು. ಅದನ್ನೇ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂಬುದು ಅವಳ ಎಣಿಕೆ. ತಪ್ಪಾಯಿತು ಎನ್ನೋಣವೆಂದರೆ ನಾಲಿಗೆ ಏಳದು. ಎದುರಿನ ಖಾಲಿ ಕುರ್ಚಿ ಕಂಡರೆ ಮುಖ ತಿರುಗಿಸಿ ಯಂತ್ರವನ್ನು ಇನ್ನಷ್ಟು ಜೋರಾಗಿ ಓಡಿಸುತ್ತಿದ್ದಳು. ಊಟವನ್ನು ಮೇಲಕ್ಕೆ ಒಯ್ದು ಕೊಡುತ್ತಿದ್ದಳು. ತಟ್ಟೆ ಇಟ್ಟು, ಮಾತಿಗೆ ನಿಲ್ಲದೆ ಇಳಿದು ಬರುತ್ತಿದ್ದಳು.

ಅಷ್ಟರಲ್ಲಿ ಮನೆಯ ಹಳೇ ವೈರುಗಳು ಕೈಕೊಟ್ಟವು. ಸ್ವಿಚ್‌ಬೋರ್ಡಿನಿಂದ ಸುಟ್ಟ ವಾಸನೆ ಬರತೊಡಗಿತು, ವೈರಿನ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಇಡೀ ಮನೆಗೆ ಹೊಸದಾಗಿ ವೈರಿಂಗ್ ಮಾಡಿಸುವುದೆಂದು ಗಂಡ ತೀರ್ಮಾನಿಸಿದ. ಮಾಡುವವಳು ಅವನ ತಂಗಿಯೇ. ಈ ನಾದಿನಿ ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್. ಅದನ್ನು ಹೇಳಿಕೊಳ್ಳಲು ಸಂದರ್ಭ ಸಿಕ್ಕರೆ ಬಿಡುವವಳೂ ಅಲ್ಲ. ಬಂದವಳೇ ಮೇನ್ ಆರಿಸಿ, ಗೋಡೆ ಕೊರೆದು, ಪೈಪು ಕೂರಿಸತೊಡಗಿದಳು. ಹೊಲಿಗೆ ಬಿಚ್ಚಿ ಹರವಿದ ಅಂಗಿಯ ಹಾಗೆ ಮನೆ ಒಳಹೊರಗೆಲ್ಲ ಕಾಣುತ್ತಿತ್ತು. ಗಾರೆಯ ಧೂಳು ಬಾಗಿಲ ಬೆಳಕಿನಲ್ಲಿ ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ಕೈಗೆ ಕೆಲಸವಿಲ್ಲದ ಸೊಸೆ ಅದನ್ನೇ ನೋಡುತ್ತಾ ನೋಡುತ್ತಾ ತೂಕಡಿಸಿದಳು.

ಆ ತೂಕಡಿಕೆಯಲ್ಲಿ ಅವಳಿಗೊಂದು ಕನಸು. ಟೇಪು ಹಿಡಿದು ಮೆಟ್ಟಿಲನ್ನು ಅಳೆಯುತ್ತಿದ್ದಾಳೆ. ಅಳೆದಷ್ಟೂ ಅದು ಬಟ್ಟೆಯ ಥಾನಿನಂತೆ ಬಿಚ್ಚಿಕೊಳ್ಳುತ್ತಲೇ ಇದೆ. ಮೇಲೆಲ್ಲೋ ಚಪ್ಪಲಿಯ ಸದ್ದು. ಹತ್ತಿರ ಬರುತ್ತದೆ, ನಿಲ್ಲುತ್ತದೆ, ಮತ್ತೆ ಹಿಂದಕ್ಕೆ ಹೋಗುತ್ತದೆ. ಯಾರು ಎಂದು ಕೇಳಬೇಕೆಂದರೆ ಅವಳ ಬಾಯಲ್ಲಿ ದಾರ.

"ಅತ್ತಿಗೆ," ಎಂದು ನಾದಿನಿ ಭುಜ ಅಲುಗಿಸಿದಳು. "ಮೆಟ್ಟಿಲ ದೀಪಕ್ಕೆ ಮೇಲೊಂದು ಕೆಳಗೊಂದು ಸ್ವಿಚ್ಚು ಹಾಕ್ತೀನಿ. ಟೂ-ವೇ ಸ್ವಿಚ್ಚು."

ಸೊಸೆ ಕಣ್ಣುಜ್ಜಿಕೊಳ್ಳುತ್ತಲೇ ಮೂಗು ಮುರಿದಳು. "ಒಂದು ಬಲ್ಬಿಗೆ ಎರಡು ಸ್ವಿಚ್ಚಾ? ನಾನು ಕೆಳಗೆ ಆರಿಸ್ತೀನಿ, ಇನ್ನೊಬ್ರು ಮೇಲೆ ಹಾಕ್ತಾರೆ. ದೀಪಕ್ಕೆ ತಲೆ ಕೆಡಲ್ವಾ?"

ಬಿಲ್ಲೂ ಎರಡರಷ್ಟು ಬರುತ್ತದೆ ಎಂಬ ಗುಮಾನಿಯನ್ನೂ ಸೇರಿಸಿದಳು. ನಾದಿನಿ ನಕ್ಕುಬಿಟ್ಟಳು. ಕರೆಂಟು ತಿನ್ನುವುದು ಬಲ್ಬು, ಸ್ವಿಚ್ಚಲ್ಲ ಎಂದಳು. ಮೇಲೆ ಹೋದವರು ಮೇಲೆಯೇ ಆರಿಸಬಹುದು, ಹಾಗಾಗಿ ದೀಪ ಸುಮ್ಮನೆ ಉರಿಯುತ್ತಾ ಕೂರುವುದೂ ತಪ್ಪುತ್ತದೆ ಎಂದಳು. ಸೊಸೆಯ ಮುಖದಲ್ಲಿ ಇನ್ನೂ ಅನುಮಾನ ಕಂಡು, ಮೇಜಿನಿಂದ ಕೆಂಪು ದಾರ, ನೀಲಿ ದಾರ ಎಳೆದುಕೊಂಡಳು. ಎರಡನ್ನೂ ಅಕ್ಕಪಕ್ಕ ಹರವಿ, ಎರಡೂ ತುದಿಗೆ ಒಂದೊಂದು ಗುಂಡಿ ಇಟ್ಟಳು.

"ಈ ಗುಂಡಿ ಕೆಳಗಿನ ಸ್ವಿಚ್ಚು, ಅದು ಮೇಲಿನದು. ಕರೆಂಟು ಇಲ್ಲಿಗೆ ಬರುತ್ತೆ, ಅಲ್ಲಿಂದ ಬಲ್ಬಿಗೆ ಹೋಗುತ್ತೆ. ನಡುವೆ ಈ ಎರಡು ದಾರಿ. ಒಂದೊಂದು ಸ್ವಿಚ್ಚೂ ಕೆಂಪನ್ನೋ ನೀಲಿನೋ ಒಂದನ್ನ ಮಾತ್ರ ಹಿಡಿಯುತ್ತೆ. ಎರಡೂ ಒಂದೇ ದಾರ ಹಿಡಿದ್ರೆ ದೀಪ ಹತ್ತುತ್ತೆ. ಇದು ಕೆಂಪು, ಅದು ನೀಲಿ ಹಿಡಿದ್ರೆ ಆರುತ್ತೆ. ನೀವು, ಅಮ್ಮ ಇದ್ದೀರಲ್ಲ, ಹಾಗೆ."

ತಮಾಷೆಗೆ ಆಡಿದ ಮಾತು ಸೊಸೆಗೆ ಚುರುಕ್ಕೆಂದಿತು. ತೋರಿಸಿಕೊಳ್ಳದೆ ಗುಂಡಿಗಳನ್ನು ಸರಿಸಿ ಸರಿಸಿ ನೋಡಿದಳು. ಯಾವ ಕಡೆಯವರು ದಾರ ಬದಲಿಸಿದರೂ ಹತ್ತಿದ್ದು ಆರುತ್ತದೆ, ಆರಿದ್ದು ಹತ್ತುತ್ತದೆ. ವಿಷಯ ತಲೆಗೆ ಹತ್ತಿತು, ಆದರೆ ಪಟ್ಟು ಬಿಡಬೇಕಲ್ಲ. ಕೆಳಗೆ ತಾನು ಇದ್ದೇ ಇರುತ್ತೇನೆ, ಅತ್ತೆ ಒಂದು ಸಲ ಕೂಗಿದರೆ ಹಾಕುತ್ತೇನೆ ಎಂದಳು.

"ಕೂಗಬೇಕಾದವರನ್ನ ಕೇಳಿದ್ದೀರಾ?" ಎಂದಳು ನಾದಿನಿ. "ನಾಳೆ ಗಾರೆ ಮುಚ್ಚಿದ್ರೆ ಮುಗೀತು. ಆಮೇಲೆ ಬೇಕು ಅಂದ್ರೆ ಮತ್ತೆ ಗೋಡೆ ಒಡೀಬೇಕು."

ಸರಿ, ಕೇಳಿಯೇ ಬಿಡೋಣವೆಂದು ಸೊಸೆ ಅತ್ತೆಗೆ ಚಹಾ ಹಿಡಿದು ಹೊರಟಳು. ಮೇನ್ ಆರಿದ್ದರಿಂದ ಮೆಟ್ಟಿಲಿಗೆ ದೀಪವಿಲ್ಲ. ಕೆಳಗಿನ ಬೆಳಕು ಮೊದಲ ಕೆಲವು ಮೆಟ್ಟಿಲುಗಳವರೆಗೆ ಬಂದು ಅಲ್ಲೇ ಸೋತಿತು. ತಿರುವಿನಲ್ಲಿ ಕಾಲಿಗೆ ಗಾರೆಯ ಚೂರು ಸಿಕ್ಕಿ ಜಾರಿತು. ಚಹಾ ಕೈ ಮೇಲೆ ಚೆಲ್ಲಿತು. ಅವಳು ಗೋಡೆ ಅವುಚಿಕೊಂಡು ನಿಂತಳು. ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ಒಂದು ಗಳಿಗೆ ಮರೆತುಹೋಯಿತು. ತನ್ನ ಮನೆಯೇ ಅಲ್ಲವೆಂಬಂತೆ, ಕನಸಿನ ಮೆಟ್ಟಿಲೇ ಸುತ್ತ ಬೆಳೆದು ನಿಂತಂತೆ ಅನಿಸಿತು. ಮೆಲ್ಲಗೆ ತಡವಿ ಅಲ್ಲೇ ಕುಳಿತುಬಿಟ್ಟಳು.

"ಕೂತ್ಕೊಂಡ್ಯಾ?" ಕತ್ತಲೆಯ ಮೇಲಿನಿಂದ ಅತ್ತೆಯ ದನಿ ಬಂತು. "ಒಳ್ಳೇದು ಮಾಡಿದೆ. ನಾನೂ ಅಲ್ಲೇ ಕೂತಿದ್ದೆ."

ಯಾವಾಗ ಎಂದು ಸೊಸೆ ಕೇಳಿದಳು. ಅತ್ತೆ ಮೆಟ್ಟಿಲ ತುದಿಯಲ್ಲಿ ಕುಳಿತರೆಂದು ಸೀರೆಯ ಸರಬರದಿಂದ ಗೊತ್ತಾಯಿತು. ಕಾಣದ ಮುಖ ನಿಧಾನವಾಗಿ ಹೇಳತೊಡಗಿತು. ಅವತ್ತೊಂದು ಮಧ್ಯಾಹ್ನ ಯಾರೋ ಹತ್ತಿ ಬಂದಿದ್ದರು, ದೀಪ ಉರಿಯುತ್ತಿತ್ತು, ಆ ಬೆಳಕಿನಲ್ಲೇ ಇಳಿದುಬಿಡೋಣವೆಂದು ಅತ್ತೆ ಹೊರಟರು. ತಿರುವಿಗೆ ಬರುವಷ್ಟರಲ್ಲಿ ದೀಪ ಆರಿತು. ಕೆಳಗೆ ಯಂತ್ರ ಓಡುತ್ತಲೇ ಇತ್ತು. ಅತ್ತೆ ಬಹಳ ಹೊತ್ತು ಅಲ್ಲೇ ಕುಳಿತು, ಆಮೇಲೆ ಕುಳಿತ ಹಾಗೆಯೇ ಒಂದೊಂದು ಮೆಟ್ಟಿಲು ಹಿಂದಕ್ಕೆ ಹತ್ತಿದ್ದರು.

ಸೊಸೆಗೆ ತನ್ನ ಎಡಗೈ ನೆನಪಾಯಿತು. ಆ ಕೈಯಿಂದಲೇ ಕಣ್ಣೊರೆಸಿಕೊಂಡಳು.

"ಒಂದು ಕೂಗು ಹಾಕಬಾರದಿತ್ತಾ ಅತ್ತೆ?"

"ನೀನು ಕೆಲಸದಲ್ಲಿದ್ದೆ. ಇಳಿಯೋಕೊಂದು ಸಲ, ನಡುವೆ ಏನಾದ್ರೂ ಮರೆತ್ರೆ ಇನ್ನೊಂದು ಸಲ. ನನ್ನ ಮನೇಲಿ ನಾನೇ ಓಡಾಡೋದಕ್ಕೆ ಎಷ್ಟು ಸಲ ಅಂತ ಕೂಗಲಿ, ಮಗಾ? ಅದಕ್ಕಿಂತ ಮಂಡಿನೋವೇ ವಾಸಿ ಅನ್ನಿಸ್ತು."

ಗುಂಡಿಯ ವಿಷಯಕ್ಕೆ ಸಿಟ್ಟಲ್ಲವೇ ಎಂದು ಸೊಸೆ ಅಳುತ್ತಲೇ ಕೇಳಿದಳು. ಯಾವ ಗುಂಡಿ ಎಂದರು ಅತ್ತೆ. ಅವರಿಗೆ ಅದರ ನೆನಪೇ ಇರಲಿಲ್ಲ. ಇಬ್ಬರಿಗೂ ನಗು ಬಂತು, ಕತ್ತಲೆಯಲ್ಲಿ ಮೇಲಿನ ನಗು ಕೆಳಗೂ ಕೆಳಗಿನ ನಗು ಮೇಲೂ ಹರಿದಾಡಿತು. ಲೋಟದಲ್ಲಿ ಉಳಿದಿದ್ದ ಚಹಾ ಮಾತ್ರ ಆರಿ ತಣ್ಣಗಾಗಿತ್ತು.

ಕೆಳಗೆ ಬಂದ ಸೊಸೆ ನಾದಿನಿಗೆ ಹೆಚ್ಚೇನೂ ಹೇಳಲಿಲ್ಲ. ಎರಡು ಸ್ವಿಚ್ಚು ಹಾಕು ಎಂದಳು ಅಷ್ಟೆ. ಮೇಲಿನ ಸ್ವಿಚ್ಚು ಎಲ್ಲಿರಬೇಕೆಂದು ಅತ್ತೆಯನ್ನೇ ನಿಲ್ಲಿಸಿ, ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆ ಅವರ ಕೈ ಗೋಡೆಗೆ ತಾಗುವ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದಳು. ವೈರಿಂಗ್ ಮುಗಿದ ಮೇಲೆ ನಾದಿನಿ ಮೇಲೆ ಕೆಳಗೆ ಓಡಾಡಿ, ಕೆಳಗೆ ಹಾಕಿ ಮೇಲೆ ಆರಿಸಿ, ಮೇಲೆ ಹಾಕಿ ಕೆಳಗೆ ಆರಿಸಿ ನೋಡಿದಳು. ಇನ್ನೊಂದು ಮಾತನ್ನು ಮಾತ್ರ ತಮಾಷೆಯಿಲ್ಲದೆ ಹೇಳಿದಳು: "ಇನ್ಮೇಲೆ ಸ್ವಿಚ್ಚು ಮೇಲಕ್ಕೆ ಒತ್ತಿದ್ಯೋ ಕೆಳಕ್ಕೆ ಒತ್ತಿದ್ಯೋ ನೋಡಿ ಕರೆಂಟು ಇದೆ, ಇಲ್ಲ ಅಂತ ಹೇಳೋಕಾಗಲ್ಲ. ಬಲ್ಬು ಬದಲಿಸೋವಾಗ ಮೇನ್ ಬೋರ್ಡಿನಲ್ಲಿ ಆ ಲೈನಿನ ಎಂಸಿಬಿ, ಅದೇ ಕರೆಂಟು ಕಡಿಯೋ ಪುಟ್ಟ ಸ್ವಿಚ್ಚು, ಅದನ್ನ ಇಳಿಸಿಯೇ ಕೈ ಹಾಕಿ."

ಮರುದಿನ ಮಧ್ಯಾಹ್ನ. ಗೋಡೆಯ ಹಸಿ ಗಾರೆ ವಾಸನೆ ಬೀರುತ್ತಿತ್ತು. ಸೊಸೆ ಕಾಲರಿನ ಹೊಲಿಗೆಯಲ್ಲಿ ಮುಳುಗಿದ್ದಳು. ಕೆಳಗಿನ ಸ್ವಿಚ್ಚನ್ನು ಯಾರೂ ಮುಟ್ಟದೆ, ಯಾರೂ ಕೂಗದೆ, ಮೆಟ್ಟಿಲು ತಾನಾಗಿ ಬೆಳಗಿತು. ಮೊದಲು ಬೆಳಕು ಇಳಿದು ಅವಳ ಬಟ್ಟೆಯ ಅಂಚಿಗೆ ಬಂತು. ಆಮೇಲೆ ಚಪ್ಪಲಿಯ ಸದ್ದು. ಕನಸಿನ ಸದ್ದೇ, ಈ ಸಲ ಹಿಂದಕ್ಕೆ ಹೋಗಲಿಲ್ಲ. ಅವಳ ಎಡಗೈ ಅಭ್ಯಾಸಬಲದಿಂದ ಗೋಡೆಯತ್ತ ಹೊರಟಿತು. ಸೊಸೆ ಅದನ್ನು ಮಡಿಲಲ್ಲಿ ಹಿಡಿದಿಟ್ಟುಕೊಂಡಳು.

ಅತ್ತೆ ಬಂದು ಕುರ್ಚಿಯಲ್ಲಿ ಕುಳಿತರು. ಸೂಜಿಗೆ ದಾರ ಪೋಣಿಸಿಕೊಂಡು, ಅಂಗಿಯೊಂದನ್ನು ಎಳೆದುಕೊಂಡರು.

"ಈಗ ಆರಿಸು, ನಾನು ಇಳಿದಾಯ್ತು," ಎಂದರು. "ಗುಂಡಿ ಎಲ್ಲಿ ಬರ್ಬೇಕು, ಸರಿಯಾಗಿ ತೋರಿಸು."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಗೂ ಹೊಸ ವೈರಿಂಗ್ ಮಾಡಿಸುವುದಿದ್ದರೆ, ಗೋಡೆ ಮುಚ್ಚುವ ಮೊದಲು ಒಮ್ಮೆ ಮನೆಯೆಲ್ಲ ನಡೆದು ನೋಡಿ. ಮೆಟ್ಟಿಲು, ಉದ್ದನೆಯ ಪಡಸಾಲೆ, ಎರಡು ಬಾಗಿಲ ಕೋಣೆ, ಹಾಸಿಗೆಯ ಪಕ್ಕ: ಎಲ್ಲಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ತಲುಪುತ್ತೀರೋ ಅಲ್ಲೆಲ್ಲ ಟೂ-ವೇ ಸ್ವಿಚ್ಚು ಕೇಳಿ. ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಸ್ವಿಚ್ಚುಗಳಿಗೆ ಹೋಗುವುದು ಕರೆಂಟು ತರುವ ಫೇಸ್ ವೈರೇ ತಾನೇ, ಮೆಟ್ಟಿಲ ದೀಪದ ಫೇಸ್, ಕರೆಂಟು ಮರಳುವ ನ್ಯೂಟ್ರಲ್ ಎರಡೂ ಒಂದೇ ಎಂಸಿಬಿಯ ಲೈನಿನವೇ ತಾನೇ ಎಂದು ಕೇಳಿ ತಿಳಿದುಕೊಳ್ಳಿ. ಫೇಸ್ ಕೆಳಗಿನ ಲೈನಿನಿಂದ, ನ್ಯೂಟ್ರಲ್ ಮೇಲಿನ ಲೈನಿನಿಂದ ಎರವಲು ತಂದರೆ, ಒಂದು ಲೈನ್ ಆರಿಸಿದ ಮೇಲೂ ಅಪಾಯ ಉಳಿದಿರುತ್ತದೆ.

ಸ್ವಿಚ್ಚು ಎಲ್ಲಿ ಬೇಕೆಂದು ಮನೆಯವರನ್ನೆಲ್ಲ ಕೇಳಿ. ಕೂಗಿ ಕರೆಯುವವರನ್ನು ಕೇಳುವುದು ಸುಲಭ. ಕೂಗುವುದನ್ನು ಬಿಟ್ಟವರೊಬ್ಬರು ಇರುತ್ತಾರಲ್ಲ, ಅವರನ್ನು ಮೊದಲು ಕೇಳಿ.